ಕಚ್ಚಿಕೊಂಡ ಡಬ್ಬಿ

ನಾಲ್ಕನೆಯ ಸಲ ಗುಂಡಿ ಒತ್ತಿದಾಗಲೂ ಡಬ್ಬಿ ಜಗ್ಗಲಿಲ್ಲ.

ಅವಳು ಪಿಸ್ತೂಲನ್ನು ಮತ್ತೆ ಹಳೆಯ ಟವೆಲ್ಲಿನ ಮೇಲೆ ಮಲಗಿಸಿದಳು. ನಳಿಗೆಯ ಬಾಯಿ ಗೋಡೆಯ ಕಡೆಗೆ, ಹಿಡಿಕೆ ತನ್ನ ಕಡೆಗೆ. ಅಪ್ಪ ಕಲಿಸಿದ ರೀತಿ.

ಮ್ಯಾಗಜೀನ್ ಎನ್ನುವ ಪದ ಅಪ್ಪನ ಬಾಯಲ್ಲಿ ಒಂದು ದಿನವೂ ಬಂದದ್ದಿಲ್ಲ. ಗುಂಡು ತುಂಬಿ ಹಿಡಿಕೆಯೊಳಗೆ ತಳ್ಳುವ ಆ ಚಪ್ಪಟೆ ಉಕ್ಕಿನ ಪೆಟ್ಟಿಗೆ ಅವರಿಗೆ ‘ಡಬ್ಬಿ’. ಮೇಲೆ ಹಿಂದಕ್ಕೂ ಮುಂದಕ್ಕೂ ಜಾರುವ ಭಾಗ ‘ಮುಚ್ಚಳ’. ಐವತ್ತು ವರ್ಷ ಹೊಲಿಗೆ ಮಿಷನ್ ರಿಪೇರಿ ಮಾಡಿದವರಿಗೆ ಲೋಕದ ಎಲ್ಲ ಯಂತ್ರವೂ ಒಂದು ಡಬ್ಬಿ, ಒಂದು ಮುಚ್ಚಳ, ನಡುವೆ ಒಂದು ಸ್ಪ್ರಿಂಗು.

ಮೊದಲು ಖಾಲಿ ಇದೆಯೋ ಇಲ್ಲವೋ ನೋಡು, ಮಿಕ್ಕಿದ್ದೆಲ್ಲ ಆಮೇಲೆ. ಅದನ್ನೂ ಅವರೇ ಹೇಳಿದ್ದು. ಮುಚ್ಚಳ ಹಿಂದಕ್ಕೆಳೆದು, ಗುಂಡು ಕೂರುವ ಗೂಡಿನೊಳಗೆ ಕಣ್ಣಿಟ್ಟು ನೋಡಿದ್ದಾಗಿತ್ತು. ಕಿರುಬೆರಳು ತೂರಿಸಿ ಮುಟ್ಟಿದ್ದಾಗಿತ್ತು. ಒಂದು ಸಲವಲ್ಲ, ಆರು ಸಲ. ಗೂಡು ಖಾಲಿ. ಆದರೂ ಏಳನೆಯ ಸಲ ಬೆರಳು ತೂರಿಸಿದಳು. ನಲವತ್ತು ದಿನಗಳಿಂದ ಅವಳಿಗೆ ತನ್ನ ಕಿರುಬೆರಳಿನ ಮೇಲಿನ ನಂಬಿಕೆಯೇ ಹೋಗಿತ್ತು.

ನಲವತ್ತು ದಿನಗಳ ಹಿಂದೆ, ಒಂದು ಗುರುವಾರ ಮಧ್ಯಾಹ್ನ, ಇದೇ ಬೆಂಚಿನ ಮುಂದೆ ಇದೇ ಪಿಸ್ತೂಲು ಒರೆಸುತ್ತಿದ್ದಾಗ ಗುಂಡು ಹಾರಿ ಅಪ್ಪ ಸತ್ತಿದ್ದರು. ಅದಕ್ಕೆ ನಾಲ್ಕು ದಿನ ಮುಂಚೆ, ಭಾನುವಾರ, ಅದನ್ನು ಬಿಚ್ಚಿ ಎಣ್ಣೆ ಹಾಕಿ ಜೋಡಿಸಿಟ್ಟವಳು ಅವಳು.

ಜೋಡಿಸಿಟ್ಟ ಮೇಲೆ ಗೂಡು ನೋಡಿದ್ದೆನೇ?

ಇದೊಂದೇ ಪ್ರಶ್ನೆ. ಹಲ್ಲುಜ್ಜುವಾಗ, ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿದಾಗ, ಯಾರೋ ಆಡಿದ ಮಾತಿಗೆ ನಗಲು ಬಾಯಿ ತೆರೆದಾಗ, ಆ ಪ್ರಶ್ನೆ ಬಂದು ಎದುರಿಗೆ ಕೂರುತ್ತಿತ್ತು. ಆ ಭಾನುವಾರವನ್ನು ಅವಳು ಎಳೆ ಎಳೆಯಾಗಿ ಬಿಚ್ಚಿ ನೋಡಿದ್ದಳು. ಎಣ್ಣೆಯ ಬಾಟಲಿ ನೆನಪಿದೆ. ಅಪ್ಪನ ಕೈ ನಡುಗುತ್ತಿದ್ದದ್ದು, ಅದಕ್ಕೇ ತಾನು ಪಿಸ್ತೂಲನ್ನು ಈಸಿಕೊಂಡದ್ದು ನೆನಪಿದೆ. ಬೆರಳು ತೂರಿಸಿದ್ದು ಮಾತ್ರ ನೆನಪಿಲ್ಲ. ತೂರಿಸಲಿಲ್ಲವೆಂಬುದೂ ನೆನಪಿಲ್ಲ.

“ಗೂಡಲ್ಲಿ ಒಂದು ಗುಂಡು ಉಳಿದಿತ್ತು. ಡಬ್ಬಿ ತೆಗೆದು ಪಕ್ಕಕ್ಕಿಟ್ಟಿದ್ದಾರೆ, ಖಾಲಿ ಅಂದುಕೊಂಡಿದ್ದಾರೆ,” ಎಂದಿದ್ದರು ಇನ್ಸ್‌ಪೆಕ್ಟರಮ್ಮ. “ಇದನ್ನ ಕೊನೇಲಿ ಬಿಚ್ಚಿದ್ದು ಯಾರು?”

“ನಾನು,” ಎಂದಿದ್ದಳು. ಯಾರೂ ಕೇಳುವ ಮುಂಚೆಯೇ ಹೇಳಬೇಕೆಂದಿದ್ದ ಮಾತು ಅದು.

ಈಗ ಬೆಂಚಿನ ಇನ್ನೊಂದು ತುದಿಯಲ್ಲಿ ಠಾಣೆಯ ಎರಡು ಕಾಗದಗಳಿದ್ದವು. ಗಾಳಿಗೆ ಹಾರದಂತೆ ಮೇಲೊಂದು ಕತ್ತರಿ. ಒಂದು, ಪಿಸ್ತೂಲಿನ ಫಾರಂ: ಅಪ್ಪನ ಉಯಿಲಿನ ಪ್ರಕಾರ ಅದು ಮಗಳಿಗೆ ಸೇರಬೇಕು, ಲೈಸೆನ್ಸಿನಲ್ಲಿ ಹೆಸರು ಬದಲಾಗುವ ಮುಂಚೆ ಪಿಸ್ತೂಲನ್ನೂ ಡಬ್ಬಿಯನ್ನೂ ಬೇರೆ ಬೇರೆ ಕಟ್ಟಿ ಪರೀಕ್ಷೆಗೆ ತರಬೇಕು. ಇನ್ನೊಂದು, ಅವಳ ಹೇಳಿಕೆ. ಟೈಪಾಗಿತ್ತು. ‘ನನ್ನ ಅಜಾಗರೂಕತೆಯಿಂದ’ ಎಂದು ಶುರುವಾಗುತ್ತಿತ್ತು. ನಾಳೆ ಹತ್ತು ಗಂಟೆಗೆ ಸಹಿ ಹಾಕಿದರೆ ಕಡತ ಮುಚ್ಚುತ್ತದೆ.

ಹೊರಗೆ ಬೀದಿಯಲ್ಲಿ ಯಾರೋ ಸೈಕಲ್ಲಿನ ಬೆಲ್ಲು ಹೊಡೆದುಕೊಂಡು ಹೋದರು. ಮಹಡಿಯ ಮೆಟ್ಟಿಲ ಮೇಲೆ ಅಮ್ಮನ ಹೆಜ್ಜೆ ಕೇಳಿಸಿತು. ಎರಡೂಕಾಲು. ಆ ದಿನ ಸದ್ದು ಕೇಳಿಸಿದ ಹೊತ್ತಿಗೆ ಅಮ್ಮ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದಳಂತೆ. ಅಂದಿನಿಂದ, ಒಗೆದ ಬಟ್ಟೆ ಇರಲಿ ಇಲ್ಲದಿರಲಿ, ಈ ಹೊತ್ತಿಗೆ ಅವಳು ಮೇಲೆ ಹೋಗುತ್ತಾಳೆ. ಮೂರು ಗಂಟೆಗೆ ಇಳಿಯುತ್ತಾಳೆ. ಏನು ಮಾಡುತ್ತೀಯಮ್ಮಾ ಅಲ್ಲಿ ಎಂದು ಕೇಳಲು ಮಗಳಿಗೆ ಧೈರ್ಯವಾಗಿರಲಿಲ್ಲ.

ಅಪ್ಪನ ಸ್ಟೂಲಿನ ಮೇಲೆ ಅವಳು ಕೂತದ್ದು ಇವತ್ತೇ ಮೊದಲು. ಮರ ಅವರ ಮೈಗೆ ತಕ್ಕಂತೆ ಸವೆದು ತಗ್ಗಾಗಿತ್ತು. ಆ ತಗ್ಗಿನಲ್ಲಿ ಕೂತಾಗ ಹಿಂದೆ ಯಾರೋ ಗಂಟಲು ಸರಿಮಾಡಿಕೊಂಡಂತಾಯಿತು. ಕೆಲಸ ಕಲಿಯುವಾಗ ಅವಳು ತಪ್ಪು ತಿರುಪಿಗೆ ಕೈ ಹಾಕಿದರೆ ಅಪ್ಪ ಬೈಯುತ್ತಿರಲಿಲ್ಲ. ಹಾಗೆ ಒಮ್ಮೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು, ಅಷ್ಟೇ.

ತಿರುಗಿ ನೋಡಲಿಲ್ಲ. ತಿರುಗಿದರೆ ಗೋಡೆ ಮಾತ್ರ ಇರುತ್ತದೆಂದು ಅವಳಿಗೆ ಗೊತ್ತಿತ್ತು.

ಸರಿ. ಡಬ್ಬಿ ಯಾಕೆ ಬರುತ್ತಿಲ್ಲ?

ಡಬ್ಬಿ ಬಿಡಿಸುವ ಗುಂಡಿ ಒಳಗೆ ಹೋಗುತ್ತಿದೆ, ಬೆರಳು ತೆಗೆದರೆ ಪಟ್ಟನೆ ಹೊರಗೆ ಬರುತ್ತಿದೆ. ಹಾಗಾದರೆ ಸ್ಪ್ರಿಂಗು ಸತ್ತಿಲ್ಲ. ಠಾಣೆಯ ಉಗ್ರಾಣದಲ್ಲಿ ತಿಂಗಳೊಪ್ಪತ್ತು ಬಿದ್ದಿತ್ತು, ಹಳೆಯ ಎಣ್ಣೆ ಅಂಟುಕಟ್ಟಿರಬಹುದು. ಒಂದು ಹನಿ ಸೀಮೆಎಣ್ಣೆ ಬಿಟ್ಟು, ಮಿಷನ್ ಒರೆಸುವ ಬ್ರಷ್ಷಿನಿಂದ ಗುಂಡಿಯ ಸುತ್ತ ಉಜ್ಜಿದಳು. ಕರಿ ಜಿಡ್ಡು ಇಳಿಯಿತು. ಒತ್ತಿದಳು. ಇಲ್ಲ.

ಕೆಲವೊಮ್ಮೆ ಡಬ್ಬಿಯ ಭಾರ ಅದನ್ನು ಹಿಡಿದಿಡುವ ಕೊಕ್ಕೆಯ ಮೇಲೆ ಬಿದ್ದು ಬಿಗಿಯುತ್ತದೆ. ಅಂಗೈಯಿಂದ ಕೆಳಗಿನಿಂದ ಮೇಲಕ್ಕೆ ತಳ್ಳಿ, ಭಾರ ಬಿಡಿಸಿ, ಆಮೇಲೆ ಒತ್ತಿದಳು. ಇಲ್ಲ.

ಡಬ್ಬಿಯ ಹೊಟ್ಟೆ ಉಬ್ಬಿದೆಯೇ? ತೆಳು ಕಾಗದದ ಪಟ್ಟಿಯೊಂದನ್ನು ಹಿಡಿಕೆಗೂ ಡಬ್ಬಿಗೂ ನಡುವೆ ತೂರಿಸಿ ಸುತ್ತಲೂ ಎಳೆದಳು. ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ. ಉಬ್ಬಿಲ್ಲ.

ಇದೇ ಡಬ್ಬಿ ಆ ಭಾನುವಾರ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂದಿತ್ತು. ಅದು ನೆನಪಿತ್ತು. ಒತ್ತಿದ್ದೇ ತಡ ಅವಳ ಅಂಗೈಗೆ ಜಾರಿಬಿದ್ದಿತ್ತು, “ನೋಡು, ನಿನ್ನ ಕಂಡರೆ ಅದಕ್ಕೂ ಸಲಿಗೆ,” ಎಂದು ಅಪ್ಪ ನಕ್ಕಿದ್ದರು.

ಸೂಜಿಯ ಹಿಂದೆ ಬೆಳಕು ಬಿಡಲು ಬಳಸುವ ಪುಟ್ಟ ಟಾರ್ಚನ್ನು ಹತ್ತಿಸಿ, ಹಿಡಿಕೆಯ ಸಂದಿಗೆ ಕಣ್ಣಿಟ್ಟಳು. ಗುಂಡಿ ಒತ್ತಿದಾಗ ಒಳಗಿನ ಕೊಕ್ಕೆ ಹಿಂದೆ ಸರಿಯುವುದು ಕಂಡಿತು. ಸರಿಯುತ್ತಿತ್ತು, ಆದರೆ ಪೂರ್ತಿ ಅಲ್ಲ. ಕೂದಲೆಳೆಯಷ್ಟು ಮೊನೆ ಡಬ್ಬಿಯ ಮೈಯಲ್ಲಿ ಕೊರೆದ ಕಚ್ಚಿನೊಳಗೇ ಉಳಿಯುತ್ತಿತ್ತು.

ಅದು ಅಪ್ಪನ ಕೈಯ ಕೊಕ್ಕೆ. ಹನ್ನೊಂದು ವರ್ಷದ ಹಿಂದೆ ಹಳೆಯದು ಮುರಿದಾಗ ಅಂಗಡಿಗಳಲ್ಲಿ ಎಲ್ಲೂ ಸಿಗದೆ, ಹಾಳಾದ ಹೊಲಿಗೆ ಮಿಷನ್ನಿನ ಉಕ್ಕಿನ ತುಂಡೊಂದನ್ನು ಮೂರು ದಿನ ಅರದಿಂದ ಉಜ್ಜಿ ಮಾಡಿದ್ದರು. ಮೊನೆ ಒಂದು ಚೂರು ಉದ್ದವಾಗಿತ್ತು. ಅದನ್ನು ಸವೆಸಿದರೆ ಬಲ ಹೋಗುತ್ತದೆಂದು, ಕೊಕ್ಕೆಯ ಬದಲು ಡಬ್ಬಿಯ ಕಚ್ಚಿನ ಅಂಚನ್ನೇ ಇಳಿಜಾರಾಗಿ ಉಜ್ಜಿದ್ದರು.

“ಎರಡರಲ್ಲಿ ಒಂದು ತಗ್ಗಲೇಬೇಕು,” ಎಂದಿದ್ದರು ಅರವನ್ನು ಊದುತ್ತ. “ಗಂಡ ಹೆಂಡತಿ ಥರ.”

“ತಗ್ಗಿದ್ದು ಡಬ್ಬೀನೇ ತಾನೆ,” ಎಂದಿದ್ದಳು ಅಮ್ಮ ಅಡುಗೆಮನೆಯಿಂದ.

ಅವಳಿಗೆ ಆಗ ನಗು ಬಂದಿತ್ತು. ಅಪ್ಪನಿಗೂ ಬಂದಿತ್ತು. ಅಮ್ಮ ನಕ್ಕಿದ್ದಳೋ ಇಲ್ಲವೋ, ಬಾಗಿಲಿನ ಆಚೆಗಿದ್ದದ್ದರಿಂದ ಕಾಣಿಸಿರಲಿಲ್ಲ.

ತಗ್ಗಿದ ಡಬ್ಬಿಯಾದರೆ ಯಾಕೆ ಕಚ್ಚಿಕೊಳ್ಳುತ್ತದೆ?

ಡ್ರಾಯರಿನಿಂದ ಸೂಜಿಯ ಅಂತರ ಅಳೆಯುವ ಉಕ್ಕಿನ ಹಾಳೆ ತೆಗೆದಳು. ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನದು. ಎಡಗೈಯಲ್ಲಿ ಗುಂಡಿ ಒತ್ತಿ ಹಿಡಿದು, ಬಲಗೈಯಿಂದ ಹಾಳೆಯನ್ನು ಸಂದಿಯಲ್ಲಿ ತೂರಿಸಿ, ಉಳಿದ ಕೂದಲೆಳೆಯಷ್ಟನ್ನು ಹಿಂದಕ್ಕೆ ನೂಕಿದಳು.

ಡಬ್ಬಿ ಟವೆಲ್ಲಿನ ಮೇಲೆ ಬಿತ್ತು. ಸದ್ದೇ ಆಗಲಿಲ್ಲ.

ಎತ್ತಿಕೊಂಡು ಬೆಳಕಿಗೆ ಹಿಡಿದಳು. ಕಚ್ಚಿನ ಅಂಚು ಚೌಕವಾಗಿತ್ತು. ಚೂಪಾಗಿ, ನೇರವಾಗಿ, ಕಾರ್ಖಾನೆಯಿಂದ ಬಂದ ದಿನ ಹೇಗಿತ್ತೋ ಹಾಗೆ. ಅರ ತಾಕಿದ ಗುರುತೇ ಇರಲಿಲ್ಲ.

ಹೊರಳಿಸಿದಳು. ಹಿಡಿಕೆಯೊಳಗೆ ಅಡಗಿರುವ ಮಗ್ಗುಲಲ್ಲಿ, ಮೊಳೆಯಿಂದ ಕುಟ್ಟಿದ ಎರಡು ಚುಕ್ಕೆ.

ಅಜ್ಜ ಒಂದೇ ಥರದ ಎರಡು ಪಿಸ್ತೂಲು ಕೊಂಡಿದ್ದರು, ಇಬ್ಬರು ಗಂಡುಮಕ್ಕಳಿಗೆ ಒಂದೊಂದು. ಮುಂದೆ ಜಗಳವಾಗಬಾರದೆಂದು ತಾವೇ ಗುರುತು ಹಾಕಿದ್ದರು. ದೊಡ್ಡವನ, ಅಂದರೆ ಅಪ್ಪನ, ಡಬ್ಬಿಗೆ ಒಂದು ಚುಕ್ಕೆ. ಚಿಕ್ಕವನದಕ್ಕೆ ಎರಡು.

ಅವಳು ಟಾರ್ಚಿನ ಬೆಳಕು ಬಿಟ್ಟು ಮತ್ತೆ ಎಣಿಸಿದಳು.

ಇದು ಅಪ್ಪನ ಡಬ್ಬಿಯಲ್ಲ. ಒಳಗೆ ತಳ್ಳಿದರೆ ಹೋಗುತ್ತದೆ. ಠಾಣೆಯ ಪೇದೆ, ಸಾಮಾನು ಕಳೆದುಹೋಗದಿರಲಿ ಎಂದು ತಳ್ಳಿಯೇ ಕೊಟ್ಟಿದ್ದ. ಹೋದರೆ ಮಾತ್ರ ಈ ಹಾಳೆಯಿಲ್ಲದೆ ಬರುವುದಿಲ್ಲ. ಆ ದಿನ ಬೆಂಚಿನ ಮೇಲೆ ಸಿಕ್ಕ ಸಾಮಾನಿನ ಪಟ್ಟಿಯನ್ನು ಅವಳು ನೂರು ಸಲ ಓದಿದ್ದಳು. ಬಟ್ಟೆ, ಎಣ್ಣೆ, ಕನ್ನಡಕ, ಪಿಸ್ತೂಲು, ಡಬ್ಬಿ. ಹಾಳೆ ಇರಲಿಲ್ಲ. ಅದು ಡ್ರಾಯರಿನಲ್ಲಿತ್ತು.

ಹಾಗಾದರೆ ಅಪ್ಪ ಇದನ್ನು ಪಿಸ್ತೂಲಿನಿಂದ ತೆಗೆದು ಪಕ್ಕಕ್ಕಿಟ್ಟಿರಲಿಲ್ಲ. ಇದು ಆ ದಿನ ಪಿಸ್ತೂಲಿನೊಳಗೆ ಇರಲೇ ಇಲ್ಲ. ಯಾರೋ ತಂದು ಇಟ್ಟಿದ್ದರು.

ಭಾನುವಾರ ಅವಳ ಅಂಗೈಗೆ ಜಾರಿಬಿದ್ದದ್ದು ಒಂದು ಚುಕ್ಕೆಯದು. ಗುರುವಾರ ಬೆಂಚಿನ ಮೇಲಿದ್ದದ್ದು ಎರಡು ಚುಕ್ಕೆಯದು. ನಡುವಿನ ನಾಲ್ಕು ದಿನದಲ್ಲಿ, ಅವಳ ಕೈ ಬಿಟ್ಟ ಮೇಲೆ, ಇನ್ನೊಂದು ಕೈ ಆ ಪಿಸ್ತೂಲನ್ನು ಮುಟ್ಟಿತ್ತು.

ನಾನಲ್ಲ ಎಂದು ಮನಸ್ಸು ಎದ್ದು ಕೂತಿತು. ನಾನಲ್ಲದಿರಬಹುದು. ನಲವತ್ತು ದಿನದಲ್ಲಿ ಮೊದಲ ಸಲ ಉಸಿರು ಹೊಟ್ಟೆಯ ತಳದವರೆಗೆ ಇಳಿಯಿತು. ಅದರ ಹಿಂದೆಯೇ, ಹಾಗಾದರೆ ಯಾರು ಎಂಬುದು ಬಂದು ಆ ಉಸಿರನ್ನು ಅರ್ಧದಲ್ಲೇ ಹಿಡಿಯಿತು.

ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು.

“ಇನ್ನೂ ಅದರ ಬೆನ್ನು ಬಿಟ್ಟಿಲ್ವೇನೇ ನೀನು?”

ಚಿಕ್ಕಪ್ಪ. ಅಂಚೆ ಕಚೇರಿಯ ಕೌಂಟರಿನಲ್ಲಿ ಜೀವಮಾನ ಕಳೆದವರು, ಮನೆಯ ಮಕ್ಕಳಿಗೆಲ್ಲ ಸ್ಟಾಂಪ್ ಚಿಕ್ಕಪ್ಪ. ಅಪ್ಪ ಸತ್ತು ಬಿದ್ದದ್ದನ್ನು ಮೊದಲು ನೋಡಿದವರು. ಅಂದಿನಿಂದ ದಿನವೂ ಈ ಹೊತ್ತಿಗೆ ಬರುತ್ತಾರೆ, ಅರ್ಧ ಗಂಟೆ ಕೂರುತ್ತಾರೆ, ಹೋಗುವಾಗ ಅವಳ ತಲೆ ಮುಟ್ಟಿ ‘ನಿನ್ನ ತಪ್ಪಲ್ಲ ಬಿಡು ಮಗಳೇ’ ಎನ್ನುತ್ತಾರೆ. ಆ ಮಾತು ಕೇಳಿದಾಗಲೆಲ್ಲ ತಪ್ಪು ತನ್ನದೇ ಎಂಬುದು ಅವಳಿಗೆ ಇನ್ನಷ್ಟು ಖಚಿತವಾಗುತ್ತಿತ್ತು.

ಅವಳು ಟವೆಲ್ಲಿನ ತುದಿಯನ್ನು ಡಬ್ಬಿಯ ಮೇಲೆ ಎಳೆದಳು.

“ಊಟ ಆಯ್ತಾ?”

“ಆಯ್ತು ಚಿಕ್ಕಪ್ಪ.”

“ಸುಳ್ಳು. ಕೈಯೆಲ್ಲ ಎಣ್ಣೆ.”

“ಎಣ್ಣೆ ಕೈಯಲ್ಲೇ ಉಂಡೆ.”

“ನಿಮ್ಮಪ್ಪನೂ ಹಾಗೇ. ಅವನು ತಿಂದ ಅನ್ನದಲ್ಲಿ ಅರ್ಧ ಮಿಷನ್ ಎಣ್ಣೆ. ಅದಕ್ಕೇ ಎಪ್ಪತ್ತೆರಡಾದ್ರೂ ಕೀಲು ಕಿರ್ ಅನ್ನಲಿಲ್ಲ.” ನಕ್ಕರು. ನಗುತ್ತಲೇ ನೆಲದ ಮೇಲಿನ ಚಾಪೆಯನ್ನು ಬಳಸಿಕೊಂಡು ಬಂದು ಕುರ್ಚಿಯಲ್ಲಿ ಕೂತರು. ಆ ಚಾಪೆಯ ಕೆಳಗೆ ಏನಿತ್ತೆಂದು ಇಬ್ಬರಿಗೂ ಗೊತ್ತಿತ್ತು. “ಸಹಿ ಹಾಕಿದ್ಯಾ?”

“ನಾಳೆ.”

“ಹಾಕಿ ಮುಗಿಸು. ಎಷ್ಟು ದಿನ ಅಂತ ತಾಯಿ ಮನೇಲಿ ಕೂತು ಕೊರಗ್ತೀಯ. ನಿನ್ನ ಗಂಡ ಸಾರಿಗೆ ಉಪ್ಪು ಹಾಕೋದು ಕಲಿತಾಗಿದೆ ಅಂತೆ, ಇನ್ನೊಂದು ವಾರ ಬಿಟ್ಟರೆ ನಿನ್ನನ್ನ ಮರೆತೇಬಿಡ್ತಾನೆ.”

ಅವಳು ನಗಲಿಲ್ಲ. “ಚಿಕ್ಕಪ್ಪ, ಆವತ್ತಿನದ್ದು ಇನ್ನೊಂದು ಸಲ ಹೇಳಿ.”

“ಏನು ಹೇಳೋದು ಮಾರಾಯ್ತಿ. ಹೇಳಿ ಹೇಳಿ ನಾಲಿಗೆ ಸವೆದಿದೆ.”

“ಇದೊಂದೇ ಸಲ.”

ಅವರು ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿದರು. “ಬಂದೆ. ಬಾಗಿಲು ತೆರೆದಿತ್ತು. ಅಣ್ಣ ಕೆಳಗೆ ಬಿದ್ದಿದ್ದ. ಪಿಸ್ತೂಲು ಕೈಯಿಂದ ಮೊಳದೂರ. ಡಬ್ಬಿ ಬೆಂಚಿನ ಮೇಲೆ, ಬಲಕ್ಕೆ. ನಾನು ಕೂಗಿದೆ. ಅತ್ತಿಗೆ ಇಳಿದು ಬಂದ್ರು. ಅಷ್ಟೇ.”

“ಡಬ್ಬಿ ಬಲಕ್ಕಿತ್ತು ಅನ್ನೋದನ್ನ ನೋಡಿದ್ರಾ?”

“ನೋಡದೆ?”

“ನಿಮ್ಮಣ್ಣ ಹಾಗೆ ಬಿದ್ದಿರುವಾಗ?”

ಒರೆಸುತ್ತಿದ್ದ ಕೈ ನಿಂತಿತು. “ಅತ್ತಿಗೆ ತೋರಿಸಿದ್ರು. ‘ನೋಡಿ, ಡಬ್ಬಿ ತೆಗೆದೇ ಇಟ್ಟಿದ್ದಾರೆ’ ಅಂದ್ರು. ಆಮೇಲೆ ನೋಡಿದೆ. ಯಾಕೆ?”

“ನಿಮ್ಮ ಪಿಸ್ತೂಲು ಏನಾಯ್ತು?”

“ಏನಾಗೋದು. ಎಂಟು ವರ್ಷ ಆಯ್ತು ಸರ್ಕಾರಕ್ಕೆ ಒಪ್ಪಿಸಿ. ರಸೀತಿ ಇದೆ. ನಮ್ಮನೆಯವಳು, ಒಂದೋ ಅದು ಇರಬೇಕು ಇಲ್ಲ ನಾನಿರಬೇಕು ಅಂದ್ಲು. ಯೋಚನೆ ಮಾಡಿ ಹೇಳ್ತೀನಿ ಅಂದಿದ್ದಕ್ಕೆ ಮೂರು ದಿನ ಮಾತಾಡಲಿಲ್ಲ.”

“ಡಬ್ಬಿ ಸಮೇತ ಒಪ್ಪಿಸಿದ್ರಾ?”

ಅವಳು ಟವೆಲ್ಲಿನ ತುದಿಯನ್ನು ಸರಿಸಿದಳು. ಒಂದು ಮಾತೂ ಆಡಲಿಲ್ಲ. ಡಬ್ಬಿಯನ್ನು ಹೊರಳಿಸಿ, ಗುರುತಿನ ಮಗ್ಗುಲು ಮೇಲಾಗುವಂತೆ ಅವರ ಮುಂದಿಟ್ಟಳು.

ಚಿಕ್ಕಪ್ಪ ಬಗ್ಗಿ ನೋಡಿದರು. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು. ಹೆಬ್ಬೆರಳಿನಿಂದ ಆ ಗುರುತನ್ನು ಒಂದು ಸಲ, ಎರಡು ಸಲ ಸವರಿದರು, ಕುರುಡರು ಸವರುವ ಹಾಗೆ.

“ಇದು ನಂದು,” ಎಂದರು. ದನಿ ಎಷ್ಟು ಕೆಳಗಿತ್ತೆಂದರೆ ಅವಳು ತುಟಿ ನೋಡಿ ತಿಳಿದುಕೊಂಡಳು.

“ಪಿಸ್ತೂಲಿನಿಂದ ಈಗ ಬಂತು. ಹಾಳೆ ಹಾಕಿ ಎಬ್ಬಿಸಬೇಕಾಯ್ತು. ಅಪ್ಪನ ಕೊಕ್ಕೆಗೆ ಇದು ಹೊಂದಲ್ಲ.”

“ಇದು ಕಳೆದುಹೋಗಿತ್ತು ಕಣೇ. ಮನೆ ಬದಲಿಸುವಾಗ ನನ್ನ ಸಾಮಾನೆಲ್ಲ ನಿಮ್ಮ ಅಟ್ಟದ ಮೇಲೆ ಇಟ್ಟಿದ್ನಲ್ಲ, ವಾಪಸ್ ತಗೊಂಡಾಗ ಪಿಸ್ತೂಲಿತ್ತು, ಡಬ್ಬಿ ಇರಲಿಲ್ಲ. ಹುಡುಕಿ ಹುಡುಕಿ ಸಾಕಾಗಿ ಹಾಗೇ ಒಪ್ಪಿಸಿದೆ. ರಸೀತೀಲಿ ಬರೆದಿದೆ, ಡಬ್ಬಿ ಇಲ್ಲ ಅಂತ.”

“ಕಳೆದುಹೋದದ್ದು ಅಪ್ಪನ ಬೆಂಚಿನ ಮೇಲೆ ಹೇಗೆ ಬಂತು?”

“ನನ್ನನ್ನ ಕೇಳ್ತೀಯಾ?”

“ಬೇರೆ ಯಾರನ್ನ ಕೇಳಲಿ? ಡಬ್ಬಿ ನಿಮ್ಮದು. ಮೊದಲು ಬಂದವರು ನೀವು.”

ಚಿಕ್ಕಪ್ಪ ಅವಳನ್ನೇ ನೋಡಿದರು. ಹುಟ್ಟಿದಾಗ ಎತ್ತಿಕೊಂಡವರು, ಮದುವೆಯ ದಿನ ಅಪ್ಪನಿಗಿಂತ ಹೆಚ್ಚು ಅತ್ತವರು. ಕಣ್ಣಲ್ಲಿ ನೀರಿತ್ತು. ಅದು ಅಣ್ಣನಿಗಾಗಿಯೋ, ಹೆದರಿಕೆಗೋ ಅವಳಿಗೆ ತಿಳಿಯಲಿಲ್ಲ. ಇಷ್ಟು ವರ್ಷ ನೋಡಿದ ಮುಖ, ಓದಲು ಬರಲಿಲ್ಲ.

“ನಾವಿಬ್ಬರೂ ಜಗಳ ಆಡಿದ್ದು ಸ್ಟಾಂಪಿಗೆ,” ಎಂದರು. “ಚಿಕ್ಕವರಾಗಿದ್ದಾಗ. ಆಮೇಲೆ ಯಾವತ್ತೂ ಇಲ್ಲ. ನಿನಗೆ ಗೊತ್ತಲ್ಲ.”

“ನನಗೆ ಗೊತ್ತಿದ್ದದ್ದು ಯಾವುದು ನಿಜ ಅಂತ ನನಗೇ ಗೊತ್ತಾಗ್ತಿಲ್ಲ ಚಿಕ್ಕಪ್ಪ.”

“ಇದನ್ನ ಹೀಗೇ ತಗೊಂಡು ಹೋದ್ರೆ ಏನಾಗುತ್ತೆ ಯೋಚನೆ ಮಾಡಿದ್ಯಾ?”

“ನೀವೇ ಹೇಳಿ.”

“ನನ್ನನ್ನ ಒಳಗೆ ಹಾಕ್ತಾರೆ. ನಿಂಗೆ ಉತ್ತರ ಕೊಡೋಕೆ ಆಗ್ದೋನು ಅವರಿಗೇನು ಕೊಡ್ಲಿ?” ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. “ಕೇಳು. ಆ ಕಚ್ಚಿನ ಅಂಚನ್ನ ಇಳಿಜಾರು ಮಾಡಿಬಿಡು. ನಿನ್ನ ಕೈಯಲ್ಲಿ ಅರ ಇದ್ರೆ ಹತ್ತು ನಿಮಿಷದ ಕೆಲಸ. ಒಂದು ಗುರುತು ಉಜ್ಜಿಬಿಡು. ಯಾರಿಗೆ ಗೊತ್ತಾಗುತ್ತೆ? ಸಹಿ ಹಾಕು. ಅಜಾಗರೂಕತೆ ಅಂದ್ರೆ ಗಲ್ಲಿಗೇನೂ ಹಾಕಲ್ಲ ನಿನ್ನನ್ನ. ಒಂದು ಎಚ್ಚರಿಕೆ ಕೊಟ್ಟು ಬಿಡ್ತಾರೆ.”

“ಬಿಡ್ತಾರೆ,” ಎಂದಳು. “ಅವರು ಬಿಡ್ತಾರೆ.”

ಅವಳ ಹೊಲಿಗೆ ಮಿಷನ್ ರಿಪೇರಿ ಅಂಗಡಿಗೆ ಬರುವ ಹೆಂಗಸರು ಈಗೀಗ ಹೇಗೆ ಮಾತಾಡುತ್ತಾರೆಂದು ಚಿಕ್ಕಪ್ಪನಿಗೆ ಹೇಳಲಿಲ್ಲ. ಆ ಹೆಂಗಸರು ಎಷ್ಟು ಮೆತ್ತಗೆ ಮಾತಾಡುತ್ತಾರೆಂದು. ಗ್ಯಾಸಿನ ಗುಂಡಿಯನ್ನು ಮೂರು ಸಲ ಮುಟ್ಟಿ ನೋಡದೆ ಮನೆ ಬಿಡಲಾಗುವುದಿಲ್ಲವೆಂದು, ಬೇರೆಯವರ ಮಿಷನ್ನಿನ ಒಂದು ತಿರುಪನ್ನು ಬಿಗಿಮಾಡಿ, ಬಿಚ್ಚಿ, ಮತ್ತೆ ಬಿಗಿಮಾಡುತ್ತೇನೆಂದು ಹೇಳಲಿಲ್ಲ. ತಾನೇ ತಂದೆಯನ್ನು ಕೊಂದೆ ಎಂದುಕೊಂಡು ಬದುಕುವುದು ಹೇಗೆಂದು ಕಲಿಯುವುದಕ್ಕೇ ನಲವತ್ತು ದಿನ ಸಾಕಾಗಿರಲಿಲ್ಲ. ಆ ಪಾಠವನ್ನು ಈಗ ಸಹಿ ಹಾಕಿ ಖಾಯಂ ಮಾಡಿಕೋ ಎನ್ನುತ್ತಿದ್ದರು.

“ನೀವು ನಿಜ ಹೇಳ್ತಿದ್ದೀರಾ ಚಿಕ್ಕಪ್ಪ?”

“ನಿನ್ನಾಣೆ.”

“ನನ್ನಾಣೆ ಬೇಡ.”

ಚಿಕ್ಕಪ್ಪ ಎದ್ದರು. ಇವತ್ತು ತಲೆ ಮುಟ್ಟಲಿಲ್ಲ. ಬಾಗಿಲವರೆಗೆ ಹೋಗಿ, ಚಪ್ಪಲಿಯಲ್ಲಿ ಕಾಲು ತೂರಿಸುತ್ತ, ಬೆನ್ನು ಹಾಕಿಕೊಂಡೇ ಹೇಳಿದರು: “ನಿನ್ನ ತಪ್ಪಲ್ಲ ಅಂತ ದಿನಾ ಹೇಳಿದ್ನಲ್ಲ. ಈಗ ನೀನೊಂದು ಸಲ ನಂಗೆ ಹೇಳ್ತೀಯಾ ಅಂತ ನೋಡ್ತಿದ್ದೆ.”

ಅವರು ಬೀದಿಗಿಳಿದರು. ಆಚೆ ಮನೆಯವರು ಯಾರೋ ಮಾತಾಡಿಸಿದರು. ಚಿಕ್ಕಪ್ಪ ಎಂದಿನ ದನಿಯಲ್ಲೇ ಏನೋ ತಮಾಷೆ ಮಾಡಿದರು, ಆ ಕಡೆಯವರು ನಕ್ಕರು. ಅಷ್ಟು ಬೇಗ ದನಿ ಬದಲಿಸಬಲ್ಲ ಮನುಷ್ಯ ಇನ್ನೇನನ್ನು ಬದಲಿಸಬಲ್ಲ ಎಂದು ಅವಳಿಗೆ ಅನ್ನಿಸಿತು. ಮರುಕ್ಷಣವೇ ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯಾಯಿತು.

ಗೋಡೆಗೆ ತೂಗುಹಾಕಿದ್ದ ಅರಗಳ ಸಾಲಿನಿಂದ ಸಣ್ಣದೊಂದನ್ನು ತೆಗೆದು ಕೈಯಲ್ಲಿ ಹಿಡಿದಳು. ಹತ್ತು ನಿಮಿಷವೂ ಬೇಡ, ಆರು ಸಾಕು. ಡಬ್ಬಿಯ ಚೌಕ ಅಂಚಿಗೆ ಅರವನ್ನು ತಾಗಿಸಿದಳು. ಹಿಂದೆ ಗಂಟಲು ಸರಿಮಾಡಿಕೊಂಡ ಸದ್ದು ಕೇಳಿಸಿತು, ಈ ಸಲ ಸ್ಪಷ್ಟವಾಗಿ. ಕೈ ಅಲ್ಲೇ ನಿಂತಿತು.

ತಾರಸಿಯ ಬಾಗಿಲು ಮುಚ್ಚಿದ ಸದ್ದಾಯಿತು. ಮೂರು ಗಂಟೆ. ಅವಳು ಅರವನ್ನು ಜಾಗದಲ್ಲಿ ತೂಗುಹಾಕಿ, ಡಬ್ಬಿಯನ್ನು ಬಿಳಿ ಬಟ್ಟೆಯ ತುಂಡಿನಲ್ಲಿ ಸುತ್ತಿ ದಾರದಿಂದ ಕಟ್ಟಿದಳು. ಪಿಸ್ತೂಲನ್ನು ಬೇರೆ ಸುತ್ತಿದಳು. ಅಮ್ಮ ಒಳಗೆ ಬರುವ ಹೊತ್ತಿಗೆ ಬೆಂಚಿನ ಮೇಲೆ ಎರಡು ಬಿಳಿಯ ಗಂಟುಗಳಿದ್ದವು. ಅವಳು ಫಾರಂ ಮುಂದಿಟ್ಟುಕೊಂಡು ಪೆನ್ನು ಹಿಡಿದು ಕೂತಿದ್ದಳು.

ಅಮ್ಮನ ತೋಳಿನ ಮೇಲೆ ನಾಲ್ಕೇ ನಾಲ್ಕು ಬಟ್ಟೆ. ಚಿಕ್ಕಪ್ಪ ಕೂತಿದ್ದ ಕುರ್ಚಿಯಲ್ಲೇ ಕೂತು ತೊಡೆ ಮೇಲೆ ಹಾಕಿಕೊಂಡು ಮಡಿಸತೊಡಗಿದಳು.

“ಯಾರು ಬಂದಿದ್ದು, ಚಿಕ್ಕಪ್ಪನಾ?”

“ಹೂಂ.”

“ಟೀ ಕೊಡ್ಲಿಲ್ವಾ?”

“ಬೇಡ ಅಂದ್ರು.”

“ಅವರು ಬೇಡ ಅಂದ್ರೆ ಸಕ್ಕರೆ ಕಮ್ಮಿ ಹಾಕು ಅಂತ ಅರ್ಥ.” ಅಮ್ಮ ಒಂದು ದಿಂಬಿನ ಚೀಲವನ್ನು ಕೊಡವಿ ಮೂಲೆಗೆ ಮೂಲೆ ಕೂಡಿಸಿದಳು. “ಡಬ್ಬಿ ಈಚೆಗೆ ಬಂತಾ?”

“ಬಂತು.”

“ಒಳ್ಳೇದಾಯ್ತು.”

ಅವಳು ಫಾರಮ್ಮಿನ ಮೇಲೆ ಬಗ್ಗಿದಳು. ಪಿಸ್ತೂಲಿನ ನಂಬರು ಬರೆದಳು. ಯಾರಿಂದ ಬಂದದ್ದು: ತಂದೆಯಿಂದ. ಮುಂದಿನ ಖಾನೆ, ಡಬ್ಬಿಯ ಮೇಲಿನ ಗುರುತು. ಪೆನ್ನು ಅಲ್ಲಿ ನಿಂತಿತು. ಏನು ಬರೆದರೂ ಒಬ್ಬರು ಸಿಕ್ಕಿಬೀಳುತ್ತಾರೆ. ನಿಜ ಬರೆದರೆ ಚಿಕ್ಕಪ್ಪ. ಸುಳ್ಳು ಬರೆದರೆ ತಾನು.

“ಏನೇ, ಬರೀತಾ ಬರೀತಾ ನಿದ್ದೆ ಬಂತಾ?”

“ಡಬ್ಬಿ ಮೇಲೆ ಏನು ಗುರುತಿದೆ ಅಂತ ಬರೀಬೇಕಂತೆ ಅಮ್ಮ.”

“ಎರಡು ಚುಕ್ಕೆ ಅಂತ ಬರಿ,” ಎಂದಳು ಅಮ್ಮ, ದಿಂಬಿನ ಚೀಲದ ಸುಕ್ಕನ್ನು ಅಂಗೈಯಲ್ಲಿ ಎಳೆಯುತ್ತ.

ಬಿಳಿ ಗಂಟಿನ ದಾರ ಬಿಗಿಯಾಗಿತ್ತು. ಅದನ್ನು ಯಾರೂ ಬಿಚ್ಚಿರಲಿಲ್ಲ.

ನಲವತ್ತೊಂಬತ್ತು ವರ್ಷ ಈ ಮನೆಯಲ್ಲಿದ್ದದ್ದು ಒಂದು ಚುಕ್ಕೆಯ ಡಬ್ಬಿ. ಅಮ್ಮ ಅದನ್ನು ಒರೆಸಿದ್ದಾಳೆ, ಎತ್ತಿಟ್ಟಿದ್ದಾಳೆ, ಮಕ್ಕಳ ಕೈಗೆ ಸಿಗದಿರಲೆಂದು ಜಾಗ ಬದಲಿಸಿದ್ದಾಳೆ. ಅವಳಿಗೆ ತಪ್ಪುವ ಸಂಗತಿಯಲ್ಲ ಅದು. ಚಿಕ್ಕಪ್ಪ ಬಾಯಿಬಿಟ್ಟು ಎರಡು ಚುಕ್ಕೆ ಎಂಬ ಮಾತಾಡಿರಲಿಲ್ಲ. ಮಗಳೂ ಆಡಿರಲಿಲ್ಲ.

ಅಮ್ಮ ಮುಂದಿನ ಬಟ್ಟೆ ಎತ್ತಿಕೊಂಡಳು. ಅಪ್ಪನ ಅಂಗಿ. ನಲವತ್ತು ದಿನದಿಂದ ಯಾರೂ ತೊಡದ ಅಂಗಿಯನ್ನು ಒಗೆದಿದ್ದಳು. ಕಾಲರನ್ನು ನೇರ ಮಾಡಿ, ಗುಂಡಿಗಳನ್ನು ಒಂದೊಂದಾಗಿ ಹಾಕಿ, ತೋಳುಗಳನ್ನು ಹಿಂದಕ್ಕೆ ಮಡಿಸಿದಳು. ಮುಖದಲ್ಲಿ ಏನೂ ಇರಲಿಲ್ಲ. ತಾನು ಏನು ಹೇಳಿದೆನೆಂಬುದು ಅವಳಿಗೆ ತಿಳಿದಂತೆಯೂ ಇರಲಿಲ್ಲ.

“ನಾಳೆ ಸಹಿ ಹಾಕಿ ಬಂದುಬಿಡು ಮಗಳೇ,” ಎಂದಳು. ದನಿ ಮೆತ್ತಗಿತ್ತು, ಜ್ವರ ಬಂದಾಗ ಹಣೆ ಮುಟ್ಟಿ ಮಾತಾಡುತ್ತಿದ್ದ ಹಾಗೆ. “ನಿನ್ನ ಮೇಲೆ ಈ ಮನೇಲಿ ಯಾರಿಗೂ ಸಿಟ್ಟಿಲ್ಲ. ನಾಡಿದ್ದು ನಿನ್ನ ಮನೆಗೆ ಹೋಗು. ಗಂಡ ಒಬ್ಬನೇ ಇದಾನೆ. ನನಗೇನು, ನಾನು ಇರ್ತೀನಿ.”

“ಹೂಂ ಅಮ್ಮ,” ಎಂದಳು.

ಗುರುತಿನ ಖಾನೆಯಲ್ಲಿ ಏನನ್ನೂ ಬರೆಯದೆ ಪೆನ್ನಿಗೆ ಮುಚ್ಚಳ ಹಾಕಿದಳು. ಅಮ್ಮ ಮಡಿಸಿದ ಬಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಬೀರುವಿನ ಬಾಗಿಲು ತೆರೆದ ಸದ್ದು, ಸ್ವಲ್ಪ ಹೊತ್ತು ಮೌನ, ಮತ್ತೆ ಮುಚ್ಚಿ ಬೀಗ ತಿರುಗಿಸಿದ ಸದ್ದು. ಆ ಮೌನ ನಾಲ್ಕು ಬಟ್ಟೆ ಇಡಲು ಬೇಕಾದದ್ದಕ್ಕಿಂತ ಉದ್ದವಾಗಿತ್ತು.

ನಾಳೆ ಹತ್ತು ಗಂಟೆಗೆ ಠಾಣೆಗೆ ಹೋಗುವುದಿಲ್ಲ ಎಂದು ಅವಳು ನಿರ್ಧರಿಸಿದಳು. ನಾಡಿದ್ದು ಮನೆಗೂ ಹೋಗುವುದಿಲ್ಲ. ಒಂದು ಚುಕ್ಕೆಯ ಡಬ್ಬಿ ಈ ನಾಲ್ಕು ಗೋಡೆಗಳೊಳಗೆ ಎಲ್ಲೋ ಇದೆ. ಅದು ಕೈಗೆ ಸಿಗುವವರೆಗೆ, ಅಮ್ಮ ತಾರಸಿಗೆ ಹತ್ತಿ ಇಳಿಯುವ ಮುಕ್ಕಾಲು ಗಂಟೆ ಹುಡುಕಲು ತನ್ನ ಪಾಲಿಗೆ ದಿನವೂ ಇರುತ್ತದೆ.

“ಟೀ ಇಡ್ತೀನಿ ಕಣಮ್ಮ,” ಎಂದು ಒಳಗೆ ಕೇಳಿಸುವಂತೆ ಹೇಳಿ, ಸ್ಟೂಲಿನಿಂದ ಎದ್ದಳು.